ನಾಲಗೆಯ ನಕ್ಷೆ ಬರೆದವರು

1936ರ ಬೇಸಗೆ. ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿರುವ ಗಲೀಸಿಯ ಪ್ರಾಂತದ ಆನಿಬಾಲ್ ಓತೆರೊ ಎಂಬ ತರುಣನು ಗಡಿಯಾಚೆಯ ಪೋರ್ಚುಗಲ್ಲಿನಲ್ಲಿ ತನ್ನ ಕೆಲಸದ ಮೇಲೆ ಸಂಚರಿಸುತ್ತಿದ್ದನು. ಆತನ ಬಳಿ ಆಯುಧವಿರಲಿಲ್ಲ. ಇದ್ದುದು ಕೆಲವು ನೋಟುಪುಸ್ತಕಗಳು ಮಾತ್ರ. ಆದರೆ ಆ ಜುಲೈ ತಿಂಗಳಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿದ್ದಿತು. ಹೊಸಬರನ್ನು ಕಂಡರೆ ಸಂಶಯಪಡುವ ಕಾಲ ಅದು. ಪೋಲೀಸರು ಆತನನ್ನು ಹಿಡಿದರು, ಪುಸ್ತಕಗಳನ್ನು ತೆರೆದು ನೋಡಿದರು. ಅಕ್ಷರಗಳೇನೋ ರೋಮನ್ ಅಕ್ಷರಗಳಂತೆಯೇ ಇದ್ದವು. ಆದರೆ ಅವುಗಳ ತಲೆಯ ಮೇಲೆ ಚುಕ್ಕೆ, ಕೆಳಗೆ ಕೊಂಡಿ, ಪಕ್ಕದಲ್ಲಿ ಗೀಟು. ಯಾವ ಭಾಷೆಯಲ್ಲಿಯೂ ಕಾಣದ ಬರಹ! ಇದು ಗೂಢಲಿಪಿಯೇ ಸರಿ, ಇವನು ಗೂಢಚಾರನೇ ಸರಿ ಎಂಬ ಸಂಶಯ ಬಲವಾಯಿತು. ಓತೆರೊನನ್ನು ಗಡಿ ದಾಟಿಸಿ ಸ್ಪೇನಿನ ಬಂಡಾಯ ಪಕ್ಷದ ಅಧಿಕಾರಿಗಳ ಕೈಗೆ ಒಪ್ಪಿಸಲಾಯಿತು. ಪ್ರಾಣವೇ ಹೋಗುವ ಸಂದರ್ಭ ಒದಗಿತು. ಹೇಗೋ ಜೀವವುಳಿದು, ಆತ ಸೆರೆಮನೆಯಲ್ಲಿ ವರ್ಷಗಳನ್ನು ಕಳೆಯಬೇಕಾಯಿತು.

ಅಷ್ಟಕ್ಕೂ ಆ ಪುಸ್ತಕಗಳಲ್ಲಿ ಅಡಗಿದ್ದ ರಹಸ್ಯವಾದರೂ ಏನು? ಹಳ್ಳಿಯ ರೈತರು ತಮ್ಮ ದಿನಬಳಕೆಯ ಮಾತುಗಳನ್ನು ಹೇಗೆ ಉಚ್ಚರಿಸುತ್ತಾರೆ ಎಂಬುದಿಷ್ಟೆ! ನಾಲಗೆಯು ಎಲ್ಲಿ ತಾಗಿತು, ಉಸಿರು ಎಲ್ಲಿ ಉಜ್ಜಿತು, ಸ್ವರವು ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನು ಆ ಚುಕ್ಕೆ ಕೊಂಡಿಗಳು ಹೇಳುತ್ತಿದ್ದವು. ಮಾತಿನ ಧ್ವನಿಗಳನ್ನು ಬಿಡಿಸಿ, ಗುರುತಿಸಿ, ವರ್ಗವರ್ಗವಾಗಿ ಜೋಡಿಸುವ ವಿದ್ಯೆ ಅದು. ಓತೆರೊ ಸಂಕಷ್ಟಕ್ಕೆ ಸಿಲುಕುವ ವೇಳೆಗೆ ಸ್ಪೇನಿನಲ್ಲಿ ಈ ವಿದ್ಯೆಗೆ ನಾಲ್ಕು ಶತಮಾನಗಳಿಗೂ ಮಿಕ್ಕ ಇತಿಹಾಸವಿದ್ದಿತು.

ನುಡಿದಂತೆ ಬರೆಯುವ ನೇಮ

ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದ 1492ನೆಯ ವರ್ಷದಲ್ಲಿಯೇ ಸಾಲಮಾಂಕ ನಗರದಲ್ಲಿ ಒಂದು ವ್ಯಾಕರಣ ಗ್ರಂಥ ಪ್ರಕಟವಾಯಿತು. ಅದರ ಕರ್ತೃ ಆಂತೋನಿಯೊ ದೆ ನೆಬ್ರಿಹ. ಜನರಾಡುವ ಕಾಸ್ತಿಲಿಯನ್ ಭಾಷೆಗೆ, ಅಂದರೆ ಇಂದಿನ ಸ್ಪ್ಯಾನಿಷಿಗೆ, ಆತ ವ್ಯಾಕರಣ ಬರೆದು ಇಸಬೆಲ್ಲಾ ರಾಣಿಗೆ ಅರ್ಪಿಸಿದನು. ಲ್ಯಾಟಿನ್ ಭಾಷೆಗೆ ಮಾತ್ರ ವ್ಯಾಕರಣದ ಮರ್ಯಾದೆಯಿದ್ದ ಕಾಲದಲ್ಲಿ ಇದು ಸಾಹಸದ ಕೆಲಸವೇ ಆಗಿತ್ತು. ನುಡಿಯುವಂತೆ ಬರೆಯಬೇಕು, ಬರೆದಂತೆ ನುಡಿಯಬೇಕು. ಒಂದು ಧ್ವನಿಗೆ ಒಂದು ಅಕ್ಷರ, ಒಂದು ಅಕ್ಷರಕ್ಕೆ ಒಂದು ಧ್ವನಿ - ಇದು ನೆಬ್ರಿಹನ ನಿಲುವು. ಇಂಗ್ಲಿಷಿನ ಕಾಗುಣಿತದೊಡನೆ ಹೆಣಗಿದವರಿಗೆ ಈ ನೇಮದ ಬೆಲೆ ತಾನಾಗಿಯೇ ತಿಳಿಯುತ್ತದೆ.

ಆದರೆ ಅಕ್ಷರಕ್ಕೂ ಧ್ವನಿಗೂ ಇರುವ ಭೇದವನ್ನು ಮನಗಾಣುವುದು ಓದುಬಲ್ಲವರಿಗೆ ಸುಲಭವಲ್ಲ. ಕಣ್ಣಿಗೆ ಅಕ್ಷರ ಕಾಣುತ್ತಲೇ ಕಿವಿಯು ಅರ್ಧ ನಿದ್ದೆಹೋಗುತ್ತದೆ. ಈ ಭೇದವು ಸ್ಪೇನಿಗೆ ನಿಚ್ಚಳವಾಗಿ ಕಂಡುದು ವಿಚಿತ್ರವಾದ ಒಂದು ಮಾರ್ಗದಿಂದ. ಏನನ್ನೂ ಕೇಳಲಾರದ ಮಕ್ಕಳಿಗೆ ಮಾತು ಕಲಿಸಹೊರಟಾಗ!

ಕೇಳದವನಿಗೆ ಕಲಿಸಿದ ಮಾತು

ಹದಿನಾರನೆಯ ಶತಮಾನದಲ್ಲಿ ಬುರ್ಗೋಸ್ ಪ್ರಾಂತದ ಓಞ ಎಂಬಲ್ಲಿನ ಮಠದಲ್ಲಿ ಪೇದ್ರೊ ಪೋನ್ಸೆ ದೆ ಲೆಯೋನ್ ಎಂಬ ಸಂನ್ಯಾಸಿಯಿದ್ದನು. ವೆಲಾಸ್ಕೊ ಎಂಬ ಶ್ರೀಮಂತ ಮನೆತನದ ಹುಟ್ಟುಕಿವುಡ ಮಕ್ಕಳಿಗೆ ಆತ ಓದು, ಬರಹ, ಕಡೆಗೆ ಮಾತನ್ನೂ ಕಲಿಸಿದನು. ಕಿವುಡರಿಗೆ ವಿದ್ಯೆಯೇ ಹತ್ತದು ಎಂದು ಪಂಡಿತರೂ ನಂಬಿದ್ದ ದಿನಗಳವು. ಮುಂದೆ ಅದೇ ಮನೆತನದಲ್ಲಿ ಲೂಯಿಸ್ ಎಂಬ ಬಾಲಕನು ಎಳೆತನದಲ್ಲಿಯೇ ಶ್ರವಣಶಕ್ತಿಯನ್ನು ಕಳೆದುಕೊಂಡನು. ಅವನಿಗೆ ಪಾಠ ಹೇಳಿದವನು ಮಾನುಯೆಲ್ ರಾಮಿರೆಸ್ ದೆ ಕಾರ್ರಿಯೋನ್ ಎಂಬ ಉಪಾಧ್ಯಾಯ. ಆ ಮನೆತನದ ಕಾರ್ಯದರ್ಶಿಯಾಗಿದ್ದ ಹುವಾನ್ ಪಾಬ್ಲೊ ಬೋನೆತ್ ಎಂಬವನು 1620ರಲ್ಲಿ ಮೂಕರಿಗೆ ಮಾತು ಕಲಿಸುವ ಕಲೆಯನ್ನು ಕುರಿತು ಮ್ಯಾಡ್ರಿಡ್ಡಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು.

ಬೋನೆತ್ ಹೇಳಿದುದರ ಸಾರ ಸರಳ. ಮಗುವಿಗೆ ಅಕ್ಷರದ ಹೆಸರನ್ನು ಕಲಿಸಬೇಡಿ, ಅದರ ಧ್ವನಿಯನ್ನು ಕಲಿಸಿ. ‘ಎಮೆ’ ಎಂಬುದು ಅಕ್ಷರದ ಹೆಸರು. ತುಟಿ ಮುಚ್ಚಿ ಮೂಗಿನಿಂದ ಹೊರಡಿಸುವ ‘ಮ್’ ಎಂಬುದಷ್ಟೇ ಧ್ವನಿ. ಪ್ರತಿಯೊಂದು ಧ್ವನಿಗೂ ತುಟಿ ಹೇಗಿರಬೇಕು, ಹಲ್ಲು ಹೇಗಿರಬೇಕು, ಉಸಿರು ಯಾವ ದಾರಿ ಹಿಡಿಯಬೇಕು ಎಂಬುದನ್ನು ಆತ ವಿವರಿಸಿದನು. ಬಾಯೊಳಗಿನ ನಾಲಗೆ ಕಾಣದಾದಾಗ ತೊಗಲಿನಿಂದ ಮಾಡಿದ ನಾಲಗೆಯನ್ನು ಬಾಗಿಸಿ ತೋರಿಸಬಹುದೆಂದೂ ಸೂಚಿಸಿದನು. ಕೇಳುವವರು ಕಿವಿಯಿಂದ ಅರಿಯದೆಯೇ ಕಲಿತುಬಿಡುವುದನ್ನು ಆ ಮಕ್ಕಳು ಕಣ್ಣಿನಿಂದಲೂ ಕೈಯಿಂದಲೂ ಅರಿತೇ ಕಲಿಯಬೇಕಾಗಿದ್ದಿತು. ಧ್ವನಿಗಳ ವಿಂಗಡಣೆ ಅಲ್ಲಿ ಪಂಡಿತರ ವಿನೋದವಾಗಿರಲಿಲ್ಲ. ಒಂದು ಮಗುವಿಗೂ ಹೊರಲೋಕಕ್ಕೂ ನಡುವೆ ಹಾಕಿದ ಸೇತುವೆಯಾಗಿದ್ದಿತು.

ಬಾಯಿಯೆಂಬ ವಾದ್ಯ

ಬೋನೆತ್ ಕಣ್ಣಳತೆಯಿಂದ ಮಾಡಿದುದನ್ನು ಯಂತ್ರಗಳ ನೆರವಿನಿಂದ ಮಾಡಿದವರು ತೊಮಾಸ್ ನವಾರ್ರೊ ತೊಮಾಸ್. 1884ರಲ್ಲಿ ಆಲ್ಬಸೇತೆ ಪ್ರಾಂತದ ಲಾ ರೋದ ಎಂಬ ಊರಿನಲ್ಲಿ ಹುಟ್ಟಿದ ಇವರು ಫ್ರಾನ್ಸ್, ಜರ್ಮನಿಗಳಲ್ಲಿ ಪ್ರಾಯೋಗಿಕ ಧ್ವನಿಶಾಸ್ತ್ರವನ್ನು ಕಲಿತುಬಂದು, ಮ್ಯಾಡ್ರಿಡ್ಡಿನ ಇತಿಹಾಸ ಅಧ್ಯಯನ ಕೇಂದ್ರದಲ್ಲಿ ಪ್ರಯೋಗಶಾಲೆಯೊಂದನ್ನು ಕಟ್ಟಿದರು. ಆ ಕಾಲದ ಧ್ವನಿಶಾಸ್ತ್ರಜ್ಞರ ಉಪಕರಣಗಳು ಇಂದಿನವರಿಗೆ ಆಟಿಕೆಗಳಂತೆ ಕಂಡಾವು. ಅಂಗುಳಿನ ಆಕಾರಕ್ಕೆ ಸರಿಯಾಗಿ ಮಾಡಿದ ತೆಳುವಾದ ತಗಡಿಗೆ ಪುಡಿ ಸವರಿ ಬಾಯೊಳಗಿಟ್ಟುಕೊಂಡು ಒಂದು ಧ್ವನಿಯನ್ನು ಉಚ್ಚರಿಸುವುದು; ಹೊರತೆಗೆದಾಗ ನಾಲಗೆ ತಾಗಿದೆಡೆಯಲ್ಲಿ ಪುಡಿ ಅಳಿಸಿಹೋಗಿರುತ್ತಿದ್ದಿತು. ಮಸಿ ಹಿಡಿಸಿದ ಕಾಗದವನ್ನು ಸುತ್ತಿದ ಉರುಳೆ ತಿರುಗುತ್ತಿದ್ದಂತೆ ಸೂಜಿಯೊಂದು ಉಸಿರಿನ ಮತ್ತು ಕಂಠದ ಕಂಪನವನ್ನು ಅಲೆಯಲೆಯಾಗಿ ಗೀಚುತ್ತಿದ್ದಿತು. ಇಂಥ ಪ್ರಯೋಗಗಳ ಬಲದಿಂದ ನವಾರ್ರೊ ಅವರು 1918ರಲ್ಲಿ ಪ್ರಕಟಿಸಿದ ಸ್ಪ್ಯಾನಿಷ್ ಉಚ್ಚಾರಣೆಯ ಕೈಪಿಡಿಯು ತಲೆಮಾರುಗಳ ವಿದ್ಯಾರ್ಥಿಗಳಿಗೆ ದಾರಿದೀಪವಾಯಿತು.

ಸ್ಪ್ಯಾನಿಷ್ ವ್ಯಂಜನವೊಂದನ್ನು ಗುರುತಿಸಲು ಮೂರು ಪ್ರಶ್ನೆಗಳು ಸಾಕು. ಎಲ್ಲಿ ಹುಟ್ಟಿತು? ಹೇಗೆ ಹುಟ್ಟಿತು? ಕಂಠ ನಡುಗಿತೇ, ಇಲ್ಲವೇ? ಕನ್ನಡ ಬಲ್ಲವರಿಗೆ ಈ ಪ್ರಶ್ನೆಗಳು ಹೊಸವಲ್ಲ. ಕವರ್ಗ, ಚವರ್ಗ, ತವರ್ಗ, ಪವರ್ಗಗಳೆಂದು ಮಗ್ಗಿಯಂತೆ ಬಾಯಿಪಾಠ ಮಾಡುವ ಬಾಲಕನು ತನಗರಿವಿಲ್ಲದೆಯೇ ಕಂಠದಿಂದ ತುಟಿಯವರೆಗೆ ಯಾತ್ರೆ ಮಾಡಿರುತ್ತಾನೆ. ನಮ್ಮ ಪ್ರಾಚೀನರು ಅಕ್ಷರಮಾಲೆಯಲ್ಲಿಯೇ ಅಡಗಿಸಿಟ್ಟ ಜ್ಞಾನವನ್ನು ರೋಮನ್ ಲಿಪಿಯವರು ಪ್ರತ್ಯೇಕವಾಗಿ ಕಲಿಯಬೇಕಾಗುತ್ತದೆ.

ಮೊದಲ ಪ್ರಶ್ನೆಗೆ ಉತ್ತರವಾಗಿ ಸ್ಪ್ಯಾನಿಷ್ ವ್ಯಂಜನಗಳನ್ನು ತುಟಿಯಿಂದ ಹಿಂದಕ್ಕೆ ಹೀಗೆ ಜೋಡಿಸಬಹುದು. ಎರಡು ತುಟಿಗಳಿಂದ ಪ, ಬ, ಮ. ಕೆಳದುಟಿ ಮತ್ತು ಮೇಲ್ದಂತದಿಂದ ಫ್ರಾನ್ಸಿನ ಫಕಾರ. ಹಲ್ಲುಗಳ ನಡುವೆ ನಾಲಗೆಯ ತುದಿಯನ್ನಿಟ್ಟು ಉಸಿರುಬಿಡುವ ಒಂದು ವಿಶಿಷ್ಟ ಧ್ವನಿ. ಹಲ್ಲಿನ ಹಿಂದೆ ತ, ದ. ಒಸಡಿನ ಮೇಲೆ ಸ, ನ, ಲ ಮತ್ತು ಎರಡು ಬಗೆಯ ರಕಾರಗಳು. ಗಟ್ಟಿ ಅಂಗುಳಿನಲ್ಲಿ ಚ, ಯ, ಞ ಮತ್ತು ತಾಲವ್ಯವಾದೊಂದು ಲಕಾರ. ಮೆದು ಅಂಗುಳಿನಲ್ಲಿ ಕ, ಗ ಮತ್ತು ಗಂಟಲನ್ನು ಉಜ್ಜಿ ಬರುವ ಖರಧ್ವನಿ. ಒಟ್ಟು 19. ಸ್ವರಗಳಾದರೋ ಐದೇ ಐದು: ಅ, ಎ, ಇ, ಒ, ಉ. ಹ್ರಸ್ವ ದೀರ್ಘಗಳ ಭೇದವಿಲ್ಲ. ಮಹಾಪ್ರಾಣವಿಲ್ಲ, ಟವರ್ಗವಿಲ್ಲ.

ಎರಡನೆಯ ಪ್ರಶ್ನೆ, ಹೇಗೆ ಹುಟ್ಟಿತು ಎಂಬುದು. ಉಸಿರು ಪೂರ್ಣವಾಗಿ ತಡೆದು ಸಿಡಿದರೆ ಸ್ಪರ್ಶ. ಕಿರಿದಾದ ಸಂದಿನಲ್ಲಿ ಉಜ್ಜಿಕೊಂಡು ಹೋದರೆ ಘರ್ಷ. ಮೂಗಿನಿಂದ ಹೊರಟರೆ ಅನುನಾಸಿಕ. ನಾಲಗೆಯ ಬದಿಯಿಂದ ಹರಿದರೆ ಪಾರ್ಶ್ವಿಕ. ನಾಲಗೆಯ ತುದಿ ನಡುಗಿದರೆ ಕಂಪಿತ. ಮೂರನೆಯ ಪ್ರಶ್ನೆಗೆ ಉತ್ತರ ಕೊರಳ ಮೇಲಿಟ್ಟ ಬೆರಳಿಗೇ ತಿಳಿಯುತ್ತದೆ. ಸಕಾರವನ್ನು ಎಳೆದು ನುಡಿದರೆ ಕೊರಳು ಸುಮ್ಮನಿರುತ್ತದೆ. ಮಕಾರವನ್ನು ಎಳೆದರೆ ಗುಂಯ್ಗುಡುತ್ತದೆ. ಮೊದಲನೆಯದು ಅಘೋಷ, ಎರಡನೆಯದು ಘೋಷ.

ನಾಯಿಯೋ, ಆದರೆಯೋ?

ಧ್ವನಿಗಳನ್ನು ವರ್ಗೀಕರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಾಯಿಯು ಹೊರಡಿಸುವ ಧ್ವನಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಅರ್ಥವನ್ನು ಬದಲಿಸುವವು ಯಾವುವು, ಬದಲಿಸದವು ಯಾವುವು ಎಂಬುದನ್ನು ತಿಳಿಯಬೇಕು. ಇದಕ್ಕೆ ವಿದ್ವಾಂಸರು ಕಂಡುಕೊಂಡ ಒರೆಗಲ್ಲು ಸುಲಭವಾದುದು. ಒಂದು ಮಾತಿನಲ್ಲಿ ಒಂದೇ ಒಂದು ಧ್ವನಿಯನ್ನು ಬದಲಿಸಿ ನೋಡುವುದು. ‘ಪೆಸೊ’ ಎಂದರೆ ತೂಕ, ‘ಬೆಸೊ’ ಎಂದರೆ ಮುತ್ತು. ‘ಕನ’ ಎಂದರೆ ನರೆಗೂದಲು, ‘ಕಞ’ ಎಂದರೆ ಜೊಂಡು. ನಾಲಗೆಯ ತುದಿ ಒಸಡನ್ನು ಒಮ್ಮೆ ತಟ್ಟಿದರೆ ‘ಪೆರೊ’, ಎಂದರೆ ‘ಆದರೆ’. ಮೇಲಿಂದ ಮೇಲೆ ಕಂಪಿಸಿದರೆ ‘ಪೆರ್ರೊ’, ಎಂದರೆ ನಾಯಿ! ಹೀಗೆ ಅರ್ಥಭೇದಕ್ಕೆ ಕಾರಣವಾಗುವ ಧ್ವನಿಗೆ ಧ್ವನಿಮಾ ಎಂದು ಹೆಸರು. ಯೂರೋಪಿನ ಪ್ರಾಗ್ ನಗರದ ಪಂಡಿತರು ಬೆಳೆಸಿದ ಈ ವಿಚಾರವನ್ನು ಸ್ಪ್ಯಾನಿಷಿಗೆ ಅನ್ವಯಿಸಿ ಎಮಿಲಿಯೊ ಆಲಾರ್ಕೋಸ್ ಯೊರಾಕ್ ಅವರು 1950ರಲ್ಲಿ ‘ಫೊನೊಲೊಹೀಯ ಎಸ್ಪಞೋಲ’ ಎಂಬ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು.

ಅರ್ಥಭೇದ ಮಾಡದ ಭೇದಗಳೂ ಉಂಟು. ಬೆರಳಿಗೆ ಸ್ಪ್ಯಾನಿಷಿನಲ್ಲಿ ‘ದೆದೊ’ ಎಂದು ಹೆಸರು. ಮೊದಲ ದಕಾರವು ಕನ್ನಡದ ದಕಾರದಂತೆಯೇ ಹಲ್ಲಿಗೆ ಒತ್ತಿ ಹುಟ್ಟುತ್ತದೆ. ಎರಡು ಸ್ವರಗಳ ನಡುವೆ ಸಿಕ್ಕಿದ ಎರಡನೆಯ ದಕಾರದಲ್ಲಾದರೋ ನಾಲಗೆಯು ಹಲ್ಲನ್ನು ಪೂರ್ತಿ ಮುಚ್ಚದೆ ಸೋಕಿದಂತೆ ಮಾಡಿ ಜಾರುತ್ತದೆ. ಬಕಾರ ಗಕಾರಗಳ ಪಾಡೂ ಇದೇ. ಸ್ಪ್ಯಾನಿಷರನ್ನು ಕೇಳಿದರೆ ಎರಡೂ ಒಂದೇ ಎಂದಾರು! ಒಂದೇ ಧ್ವನಿಮಾ ಸಂದರ್ಭಕ್ಕೆ ತಕ್ಕ ವೇಷ ತೊಟ್ಟಿದೆ, ಅಷ್ಟೆ. ಕನ್ನಡದ ‘ಅಂಗ’, ‘ಅಂದ’ಗಳಲ್ಲಿ ಸೊನ್ನೆಯ ಉಚ್ಚಾರಣೆ ಬೇರೆಬೇರೆಯಾದರೂ ಆಡುವವರು ಅದನ್ನು ಲೆಕ್ಕಿಸುವುದಿಲ್ಲವಷ್ಟೆ, ಹಾಗೆ.

ಹೊಸದಾಗಿ ಭಾಷೆ ಕಲಿಯುವವರು ಎಡವುವುದು ಇಲ್ಲಿಯೇ. ತಮ್ಮ ಭಾಷೆಯಲ್ಲಿ ಬೆಲೆಯಿಲ್ಲದ ಭೇದವನ್ನು ಕಿವಿ ಕೇಳಿಸಿಕೊಳ್ಳುವುದೇ ಇಲ್ಲ. ಸ್ಪ್ಯಾನಿಷಿನವನಿಗೆ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ. ಕನ್ನಡಿಗರಿಗೆ ಸ್ಪ್ಯಾನಿಷಿನ ತ, ದ, ಪ, ಕಗಳು ತಾಯ್ನುಡಿಯಷ್ಟೇ ಸಲೀಸು. ಆದರೆ ಅಭ್ಯಾಸಬಲದಿಂದ ಸ್ವರಗಳನ್ನು ಎಳೆದೆಳೆದು ದೀರ್ಘ ಮಾಡುವ ಚಾಪಲ್ಯವುಂಟು. ಸ್ಪ್ಯಾನಿಷಿನಲ್ಲಿ ಬೆಲೆಯಿರುವುದು ದೀರ್ಘಕ್ಕಲ್ಲ, ಒತ್ತಿ ನುಡಿಯುವ ಅಕ್ಷರಕ್ಕೆ. ‘ಪಪ’ ಎಂಬಲ್ಲಿ ಮೊದಲಕ್ಷರವನ್ನು ಒತ್ತಿದರೆ ಪೋಪರೂ ಆಗಬಹುದು, ಅಮೆರಿಕಾ ಖಂಡದ ಸ್ಪ್ಯಾನಿಷರಿಗೆ ಆಲೂಗಡ್ಡೆಯೂ ಆಗಬಹುದು. ಕೊನೆಯಕ್ಷರವನ್ನು ಒತ್ತಿದರೆ ಅಪ್ಪ! ‘ತೆರ್ಮಿನೊ’ ಎಂಬ ಮಾತಿನ ಮೊದಲನೆಯ ಅಕ್ಷರ ಒತ್ತಿದರೆ ‘ಕೊನೆ’, ನಡುವಿನದನ್ನು ಒತ್ತಿದರೆ ‘ಮುಗಿಸುತ್ತೇನೆ’, ಕಡೆಯದನ್ನು ಒತ್ತಿದರೆ ‘ಅವನು ಮುಗಿಸಿದನು’.

ಬೇಟೆಯೂ ಮದುವೆಯೂ ಒಂದಾದ ಬಗೆ

ಹಲ್ಲುಗಳ ನಡುವೆ ನಾಲಗೆಯಿಟ್ಟು ನುಡಿಯುವ ಆ ವಿಶಿಷ್ಟ ಧ್ವನಿಯದೇ ಒಂದು ಕಥೆ. ಸ್ಪೇನಿನ ಉತ್ತರ ಮತ್ತು ಮಧ್ಯಭಾಗದವರು ‘ಮದುವೆಯಾಗು’ ಎಂಬರ್ಥದ ಮಾತನ್ನು ಸಕಾರದಿಂದಲೂ ‘ಬೇಟೆಯಾಡು’ ಎಂಬರ್ಥದ ಮಾತನ್ನು ಈ ದಂತಮಧ್ಯ ಧ್ವನಿಯಿಂದಲೂ ನುಡಿಯುತ್ತಾರೆ. ಲ್ಯಾಟಿನ್ ಅಮೆರಿಕಾದಲ್ಲಿ, ಕನೇರಿ ದ್ವೀಪಗಳಲ್ಲಿ, ಆಂದಲೂಸಿಯದ ಬಹುಭಾಗದಲ್ಲಿ ಎರಡಕ್ಕೂ ‘ಕಸಾರ್’ ಎಂಬ ಒಂದೇ ಉಚ್ಚಾರಣೆ. ಬೇಟೆಗೂ ಮದುವೆಗೂ ಭೇದವಿಲ್ಲದ ಈ ನುಡಿ ವಿನೋದಗಾರರಿಗೆ ಒಳ್ಳೆಯ ಸರಕು.

ತೊದಲು ನಾಲಗೆಯ ಅರಸನೊಬ್ಬನಿದ್ದನಂತೆ. ಅವನನ್ನು ಮೆಚ್ಚಿಸಲು ಪ್ರಜೆಗಳೆಲ್ಲರೂ ತೊದಲತೊಡಗಿದರಂತೆ. ಆ ಧ್ವನಿ ಹುಟ್ಟಿದುದು ಹಾಗಂತೆ! ಇದೊಂದು ಜನಪ್ರಿಯ ಕಟ್ಟುಕಥೆ. ಅರಸನು ತೊದಲುವವನಾಗಿದ್ದರೆ ಸಕಾರವೇ ಮಾಯವಾಗಬೇಕಿತ್ತು. ಕಾಸ್ತಿಲಿಯನರ ಬಾಯಲ್ಲಾದರೋ ಸಕಾರವೂ ಇದೆ, ಆ ಧ್ವನಿಯೂ ಇದೆ. ನಿಜವಾದ ಕಾರಣ ಬೇರೆ. ಮಧ್ಯಯುಗದ ಕಾಸ್ತಿಲಿಯನ್ನಿನಲ್ಲಿ ಸಕಾರದ ಬಳಗದ ಧ್ವನಿಗಳು ಹಲವಿದ್ದವು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಅವು ಒಂದರೊಳಗೊಂದು ಬೆರೆಯತೊಡಗಿದವು. ಉತ್ತರದವರು ಗೊಂದಲ ತಪ್ಪಿಸಲೋ ಎಂಬಂತೆ ಒಂದನ್ನು ಹಲ್ಲುಗಳ ನಡುವಿಗೆ ತಳ್ಳಿ ಉಳಿಸಿಕೊಂಡರು. ದಕ್ಷಿಣದ ಸೆವಿಲ್ಯದವರು ಎರಡನ್ನೂ ಒಂದಾಗಿಸಿದರು. 1503ರಿಂದ ಅಮೆರಿಕಾದ ವ್ಯಾಪಾರಕ್ಕೆಲ್ಲ ಸೆವಿಲ್ಯವೇ ಕೇಂದ್ರವಾಗಿದ್ದಿತು. ಮೊದಮೊದಲು ಹಡಗು ಹತ್ತಿದವರಲ್ಲಿ ದಕ್ಷಿಣದವರು ಬಹುಸಂಖ್ಯೆಯಲ್ಲಿದ್ದರು. ಹೊನ್ನನ್ನರಸಿ ಹೋದವರ ಜೊತೆಗೆ ಅವರ ಉಚ್ಚಾರಣೆಯೂ ಸಾಗರ ದಾಟಿತು. ಆ ಕಡೆಯವರಲ್ಲಿ ಬಹುಮಂದಿಗೆ ತಾಲವ್ಯ ಲಕಾರವೂ ಯಕಾರದಲ್ಲಿ ಬೆರೆತುಹೋಗಿರುವುದರಿಂದ ವ್ಯಂಜನಗಳ ಸಂಖ್ಯೆ 17ಕ್ಕೆ ಇಳಿಯುತ್ತದೆ.

ಧ್ವನಿಗಳು ಹೀಗೆ ಬೆರೆತು ಮಾಯವಾಗುವುದು ಕನ್ನಡದಲ್ಲಿಯೂ ನಡೆದ ಸಂಗತಿಯೇ. ಹಳಗನ್ನಡದಲ್ಲಿ ‘ಅರಿ’ ಎಂದರೆ ಕತ್ತರಿಸು. ಶಕಟರೇಫವುಳ್ಳ ‘ಅಱಿ’ ಎಂದರೆ ತಿಳಿ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಱಕಾರಕ್ಕೂ ೞಕಾರಕ್ಕೂ ಎಡೆಗೊಟ್ಟು ವಿವರಿಸಿದನು. ಇಂದು ಆ ಅಕ್ಷರಗಳು ಹಳೆಯ ಗ್ರಂಥಗಳ ಪುಟಗಳಲ್ಲಿ ಮಾತ್ರ ಉಳಿದಿವೆ. ಸ್ಪ್ಯಾನಿಷು ಎರಡು ರಕಾರಗಳನ್ನು ಉಳಿಸಿಕೊಂಡಿತು, ಕನ್ನಡ ಕಳೆದುಕೊಂಡಿತು. ಯಾರಾದರೂ ಬರೆದಿಟ್ಟಿದ್ದರಿಂದಲ್ಲವೇ ಅಂಥದೊಂದು ಧ್ವನಿಯಿದ್ದಿತೆಂಬುದು ನಮಗೆ ತಿಳಿದುದು?

ಹಳ್ಳಿಗಳಿಂದ ದೇಶಾಂತರಕ್ಕೆ

ಬರೆದಿಡಬೇಕೆಂಬ ಈ ಹಂಬಲವೇ ಓತೆರೊನನ್ನು ಹಳ್ಳಿಗಳಿಗೆ ಕರೆದೊಯ್ದಿದ್ದು. ಹಿರಿಯ ವಿದ್ವಾಂಸ ರಾಮೋನ್ ಮೆನೆಂದೆಸ್ ಪಿದಾಲ್ ಅವರ ಪ್ರೇರಣೆಯಿಂದ, ನವಾರ್ರೊ ಅವರ ನಿರ್ದೇಶನದಲ್ಲಿ, ಇಡೀ ಐಬೀರಿಯ ಪರ್ಯಾಯದ್ವೀಪದ ಭಾಷಾ ಭೂಪಟವೊಂದನ್ನು ಸಿದ್ಧಪಡಿಸುವ ಕಾರ್ಯ ಆರಂಭವಾಗಿದ್ದಿತು. ಕಾಸ್ತಿಲಿಯನ್ ಮಾತ್ರವಲ್ಲ, ಕತಲಾನ್, ಗಲೀಸಿಯನ್, ಪೋರ್ಚುಗೀಸ್ ನುಡಿಗಳನ್ನೂ ಒಳಗೊಂಡ ಯೋಜನೆ ಅದು. ನವಾರ್ರೊ ಅವರು ಕೆಲವರು ತರುಣರ ಕಿವಿಗಳನ್ನು ತರಬೇತುಗೊಳಿಸಿದರು. 1931ರಿಂದ ಅವರು ಊರೂರು ಅಲೆದು, ಹೆಚ್ಚು ಓದುಬರಹವಿಲ್ಲದ, ಹುಟ್ಟೂರನ್ನು ಬಿಟ್ಟು ಹೋಗದ ಹಳ್ಳಿಗರನ್ನು ಕೂರಿಸಿಕೊಂಡು ಅವರ ಬಾಯಿಂದ ಬಂದುದನ್ನು ಬಂದಂತೆಯೇ ಬರೆದುಕೊಂಡರು. ಅದಕ್ಕೆ ಬಳಸಿದ ಲಿಪಿ, 1915ರಲ್ಲಿ ಮ್ಯಾಡ್ರಿಡ್ಡಿನ ಭಾಷಾಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದ್ದ ಧ್ವನಿಲಿಪಿ. ಬಚ್ಚಿಡಲು ಹುಟ್ಟಿದ ಲಿಪಿಯಲ್ಲ, ಬಿಚ್ಚಿ ತೋರಿಸಲೆಂದೇ ಹುಟ್ಟಿದುದು!

ಕೆಲಸ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿರುವಾಗ ಯುದ್ಧ ಬಂದಿತು. ಓತೆರೊ ಸೆರೆಯಾದನು. ಇನ್ನೊಬ್ಬ ಸಂಶೋಧಕ ಸಾಂಚಿಸ್ ಗ್ವಾರ್ನೆರ್ ಯುದ್ಧಾನಂತರ ಸೆರೆಮನೆ ಸೇರಿದನು. 1939ರ ಜನವರಿಯ ಕಡೆಯಲ್ಲಿ, ನಿರಾಶ್ರಿತರ ಮಹಾಪ್ರವಾಹದ ನಡುವೆ, ನವಾರ್ರೊ ಅವರು ಕವಿ ಆಂತೋನಿಯೊ ಮಚಾದೊ ಅವರೊಡನೆ ಗಡಿ ದಾಟಿ ಫ್ರಾನ್ಸನ್ನು ಸೇರಿದರು. ಬಳಲಿದ್ದ ಕವಿ ಒಂದು ತಿಂಗಳೊಳಗೆ, ಫೆಬ್ರವರಿ 22ರಂದು, ಕೊಲ್ಯೂರ್ ಎಂಬ ಕಡಲತಡಿಯ ಊರಿನಲ್ಲಿ ಕಣ್ಮುಚ್ಚಿದರು. ನವಾರ್ರೊ ಅಮೆರಿಕಾಕ್ಕೆ ಹೋಗಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ಹಳ್ಳಿಗರ ಮಾತುಗಳನ್ನು ಹೊತ್ತ ನೋಟುಪುಸ್ತಕಗಳೂ ಅವರ ಹಿಂದೆಯೇ ಸಾಗರ ದಾಟಿದವು. ಆಡಿದವರು ಒಂದೆಡೆ, ಆಡಿದ ಮಾತು ಇನ್ನೊಂದೆಡೆ!

1950ರ ದಶಕದ ಆರಂಭದಲ್ಲಿ ನವಾರ್ರೊ ಆ ಪುಸ್ತಕಗಳನ್ನು ಮ್ಯಾಡ್ರಿಡ್ಡಿಗೆ ಹಿಂದಿರುಗಿಸಿದರು. ತಾವು ಮಾತ್ರ ಅಮೆರಿಕಾದಲ್ಲಿಯೇ ಉಳಿದು 1979ರಲ್ಲಿ ತೀರಿಕೊಂಡರು. ಯುದ್ಧದಿಂದ ನಿಂತಿದ್ದ ಸಂಚಾರಕಾರ್ಯ 1947ರಿಂದ ಮತ್ತೆ ಸಾಗಿ 1954ರಲ್ಲಿ ಮುಗಿದಿತು. ಒಟ್ಟು 527 ಊರುಗಳ ನುಡಿ ಸಂಗ್ರಹವಾಯಿತು. ಬಿಡುಗಡೆ ಹೊಂದಿದ್ದ ಓತೆರೊ ಮತ್ತೆ ನೋಟುಪುಸ್ತಕ ಹಿಡಿದು ಪೋರ್ಚುಗಲ್ಲಿನ ಹಳ್ಳಿಗಳಿಗೇ ಹೊರಟನೆಂಬುದು ಈ ಕಥೆಯ ಅತ್ಯಂತ ಹೃದಯಸ್ಪರ್ಶಿಯಾದ ಭಾಗ. ಯಾವ ಅಕ್ಷರಗಳು ತನ್ನ ಕೊರಳಿಗೆ ಉರುಳಾಗಲಿದ್ದವೋ ಅವನ್ನೇ ಆತ ಮತ್ತೆ ಬರೆಯತೊಡಗಿದನು.

1962ರಲ್ಲಿ ಭೂಪಟದ ಮೊದಲ ಸಂಪುಟ ಹೊರಬಂದಿತು. ಆಮೇಲೆ ದೀರ್ಘ ಮೌನ. ನೋಟುಪುಸ್ತಕಗಳು ಚದುರಿಹೋಗಿ, ಅವು ಎಲ್ಲಿವೆಯೆಂಬುದೇ ಬಹುಮಂದಿಗೆ ಮರೆತುಹೋಯಿತು. ಶತಮಾನದ ತಿರುವಿನಲ್ಲಿ ಕೆನಡಾದ ವಿದ್ವಾಂಸ ಡೇವಿಡ್ ಹೀಪ್ ಅವುಗಳನ್ನು ಅರಸಿ ಪತ್ತೆಹಚ್ಚಿ ಪ್ರತಿ ಮಾಡಿಸಿದರು. ಸ್ಪೇನಿನ ವೈಜ್ಞಾನಿಕ ಸಂಶೋಧನಾ ಮಂಡಲಿಯಲ್ಲಿ ಪಿಲಾರ್ ಗಾರ್ಸಿಯ ಮೂತೋನ್ ಅವರ ನೇತೃತ್ವದಲ್ಲಿ ಅವುಗಳನ್ನು ಗಣಕಯಂತ್ರಕ್ಕೆ ಏರಿಸಿ ಎಲ್ಲರ ಕಣ್ಣಿಗೂ ಬೀಳುವಂತೆ ಮಾಡುವ ಕೆಲಸ ನಡೆಯಿತು.

ಅಂದು ಮಾತಾಡಿದ ರೈತರು ಈಗಿಲ್ಲ. ಅವರ ಊರುಗಳಲ್ಲಿ ಎಷ್ಟೋ ಬರಿದಾಗಿವೆ. ಎಷ್ಟೋ ಉಚ್ಚಾರಣೆಗಳು ಮೊಮ್ಮಕ್ಕಳ ಬಾಯಲ್ಲಿ ಉಳಿದಿಲ್ಲ. ಆದರೆ ಅವರ ನಾಲಗೆ ಎಲ್ಲಿ ತಾಗಿತು, ಉಸಿರು ಎಲ್ಲಿ ಉಜ್ಜಿತು ಎಂಬುದು ಆ ಹಾಳೆಗಳಲ್ಲಿ ಹಾಗೆಯೇ ಇದೆ. ಧ್ವನಿಲಿಪಿ ಬಲ್ಲವರು ಇಂದಿಗೂ ಅದನ್ನು ಓದಿ ಆ ಮುದುಕರು ನುಡಿದಂತೆಯೇ ನುಡಿಯಬಲ್ಲರು. ಪೋಲೀಸರು ಅಂದು ಸಂಶಯಪಟ್ಟುದು ಒಂದು ವಿಧದಲ್ಲಿ ಸರಿಯೇ. ಆ ಚುಕ್ಕೆ ಕೊಂಡಿಗಳಲ್ಲಿ ಬೆಲೆಬಾಳುವ ಸುದ್ದಿಯೊಂದು ಅಡಗಿದ್ದುದು ನಿಜ. ಆದರೆ ಅದು ಶತ್ರುವಿಗಾಗಿ ಬರೆದುದಾಗಿರಲಿಲ್ಲ. ಇನ್ನೂ ಹುಟ್ಟದಿದ್ದವರಿಗಾಗಿ ಬರೆದುದಾಗಿದ್ದಿತು.